ಸೆಪ್ಟಿಕ್ ಟ್ಯಾಂಕಿಗೆ ಪುಡಿ ಹಾಕಬೇಕೇ?



"ಸಿಸ್ಟರ್, ಈ ಪುಡಿ ಹಾಕಿದ್ರ ಟ್ಯಾಂಕ್ ತುಂಬೂದೇ ಇಲ್ಲಂತರಿ, ಖರೇ ಏನ್ರಿ?" ಬೆಳಗಾವಿಯಲ್ಲಿ ಒಳಚರಂಡಿ ಬಾರದ ಬಡಾವಣೆಗಳಿಗೆ ಹೋಗಲಿ, ಖಾನಾಪುರದ ಹಳ್ಳಿಗಳಿಗೆ ಹೋಗಲಿ, ಸಂಘದ ಸಭೆಗಳಲ್ಲಿ ಈ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತದೆ. ಕೆಲವರು ಪುಡಿಯ ಬದಲು ಬೆಲ್ಲ, ಈಸ್ಟ್, ಸೆಗಣಿ ಹಾಕುತ್ತಾರೆ. ಉಳಿತಾಯದ ದುಡ್ಡು ಖರ್ಚು ಮಾಡುವ ಮೊದಲು ಟ್ಯಾಂಕ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಣ.

ಟ್ಯಾಂಕಿನ ಒಳಗೆ ಏನಾಗುತ್ತದೆ?

ಸಂಡಾಸದಿಂದ ಬಂದದ್ದರಲ್ಲಿ ಭಾರವಾದದ್ದು ತಳಕ್ಕೆ ಕೂರುತ್ತದೆ. ಇದೇ ರಾಡಿ. ಎಣ್ಣೆ, ಜಿಡ್ಡು ಕೆನೆಯಂತೆ ಮೇಲೆ ತೇಲುತ್ತದೆ. ನಡುವಿನ ನೀರು ಹೊರಗಿನ ಇಂಗುಗುಂಡಿಗೆ ಹೋಗುತ್ತದೆ. ಆದ್ದರಿಂದ ಒಳ್ಳೆಯ ಟ್ಯಾಂಕಿನಲ್ಲಿ ನೀರು ಯಾವಾಗಲೂ ತುಂಬಿಯೇ ಇರುತ್ತದೆ. ನಾವು ನೋಡಬೇಕಾದದ್ದು ರಾಡಿ ಎಷ್ಟು ಕೂತಿದೆ ಎಂಬುದನ್ನು.

ಈ ರಾಡಿಯನ್ನು ಕರಗಿಸುವ ಸೂಕ್ಷ್ಮಜೀವಿಗಳು ನಮ್ಮ ಮಲದಲ್ಲಿಯೇ ಕೋಟಿಗಟ್ಟಲೆ ಇವೆ. ದಿನಾಲೂ ಹೊಸದಾಗಿ ಬಂದು ಸೇರುತ್ತವೆ. ಆದರೂ ಎಲ್ಲವೂ ಕರಗುವುದಿಲ್ಲ. ಮಣ್ಣು, ಉಸುಕು, ನಾರು ಉಳಿದು ವರ್ಷ ವರ್ಷ ಏರುತ್ತವೆ.

ಪುಡಿಯಿಂದ ಲಾಭವಿದೆಯೇ?

ಪುಡಿಯಲ್ಲಿರುವುದೂ ಇಂಥ ಸೂಕ್ಷ್ಮಜೀವಿಗಳೇ. ತುಂಬಿದ ಬಾವಿಗೆ ಒಂದು ಕೊಡ ನೀರು ಸುರಿದಂತೆ! ಉಸುಕನ್ನು ಯಾವ ಪುಡಿಯೂ ತಿನ್ನುವುದಿಲ್ಲ. ಸರಿಯಾಗಿ ಕಟ್ಟಿ ನೋಡಿಕೊಳ್ಳುವ ಟ್ಯಾಂಕಿಗೆ ಇಂಥದ್ದು ಅಗತ್ಯವಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಹೇಳಿದೆ. ಹೊಸ ಟ್ಯಾಂಕ್ ಶುರು ಮಾಡುವಾಗ ಒಮ್ಮೆ ಸ್ವಲ್ಪ ಕೊಳೆತ ಸೆಗಣಿ ಹಾಕುವುದುಂಟು. ಆಮೇಲೆ ಅದೂ ಬೇಡ.

ಆಸಿಡ್, ಕಾಸ್ಟಿಕ್ ಸೋಡಾ ಸುರಿದರೆ ನಷ್ಟವೇ. ಒಳ್ಳೆಯ ಜೀವಿಗಳು ಸಾಯುತ್ತವೆ. ರಾಡಿ ಕದಡಿ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಆಗ ಗುಂಡಿಯನ್ನೇ ಹೊಸದಾಗಿ ತೋಡಬೇಕಾದೀತು.

ಹಾಗಾದರೆ ಏನು ಮಾಡಬೇಕು?

1. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ ರಾಡಿ ತೆಗೆಸಿರಿ. ಖಾನಾಪುರ ಕಡೆ ಜೂನ್‌ನಿಂದ ಮಳೆ ಜೋರು, ನೆಲ ನೀರು ಕುಡಿಯುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲೇ ಮುಗಿಸುವುದು ಒಳ್ಳೆಯದು.

2. ತಳದಲ್ಲಿ ಒಂದೆರಡು ಇಂಚು ರಾಡಿ ಉಳಿಯಲಿ. ಮೊಸರಿಗೆ ಹೆಪ್ಪು ಇದ್ದಂತೆ ಅದೇ ಮುಂದಿನ ಕೆಲಸಕ್ಕೆ ಬೀಜ. ಫಿನಾಯಿಲ್ ಹಾಕಿ ತೊಳೆಯಬೇಡಿ.

3. ಬಟ್ಟೆ, ಪ್ಯಾಡ್, ಪ್ಲಾಸ್ಟಿಕ್, ಅಡುಗೆ ಎಣ್ಣೆ ಸಂಡಾಸದಲ್ಲಿ ಹಾಕಬೇಡಿ.

4. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಬೇಕು. ಬಿರುಕುಳ್ಳ ಕಲ್ಲಿನ ನೆಲದಲ್ಲಿ ಇನ್ನೂ ಹೆಚ್ಚು ಇರಲಿ.

5. ತೆಗೆದ ರಾಡಿ ಎಲ್ಲಿಗೆ ಹೋಗುತ್ತದೆ ಎಂದು ಗಾಡಿಯವರನ್ನು ಕೇಳಿರಿ. ಹಳ್ಳಕ್ಕೆ ಸುರಿಯಲು ಬಿಡಬೇಡಿ. ನಮ್ಮ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರನ್ನು ಹುಬ್ಬಳ್ಳಿ-ಧಾರವಾಡದ ಜನರೂ ಕುಡಿಯುತ್ತಾರೆ.

ಯಾರನ್ನೂ ಒಳಗೆ ಇಳಿಸಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಟ್ಯಾಂಕಿನಲ್ಲಿ ವಿಷದ ಗಾಳಿ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಕ್ಷಣದಲ್ಲಿ ಮನುಷ್ಯ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಯಾರಾದರೂ ಬಿದ್ದರೆ ನೀವು ಇಳಿಯದೆ ತಕ್ಷಣ 112ಕ್ಕೆ ಫೋನ್ ಮಾಡಿರಿ. ಮುಚ್ಚಳ ತೆಗೆದಾಗ ಬೀಡಿ, ಬೆಂಕಿ ಹತ್ತಿರ ತರಬೇಡಿ. ಆ ಗಾಳಿ ಹೊತ್ತಿಕೊಳ್ಳುತ್ತದೆ. ಮಕ್ಕಳನ್ನು ದೂರ ಇಡಿರಿ.

"ಐದುನೂರು ಕೊಟ್ರ ಒಬ್ಬಾಂವ ಇಳೀತಾನ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರಕ್ಷಣಾ ಸಾಧನವಿಲ್ಲದೆ ಮನುಷ್ಯರಿಂದ ಟ್ಯಾಂಕ್ ಸ್ವಚ್ಛ ಮಾಡಿಸುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಒಳಚರಂಡಿ ಕೆಲಸದಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಹೋದ ಜೀವ ಬರುವುದಿಲ್ಲ. ಆ ಅಣ್ಣನೂ ದೇವರ ರೂಪದಲ್ಲಿ ಉಂಟಾದವನೇ. ಅವನ ಮನೆಯಲ್ಲೂ ನಮ್ಮಂಥ ಒಬ್ಬ ತಾಯಿ ದಾರಿ ಕಾಯುತ್ತಿರುತ್ತಾಳೆ.

ದುಡ್ಡಿನ ಲೆಕ್ಕ

ಪುಡಿಗೆ ತಿಂಗಳಿಗೆ 100 ರೂಪಾಯಿ ಎಂದು ಹಿಡಿಯೋಣ. ಮೂರು ವರ್ಷಕ್ಕೆ 3,600 ರೂಪಾಯಿ ಆಯಿತು, ರಾಡಿ ಮಾತ್ರ ಅಲ್ಲೇ ಇದೆ. ಅದೇ ಹಣ ಸಂಘದಲ್ಲಿ ಬೇರೆಯಾಗಿ ಕೂಡಿಟ್ಟರೆ ಗಾಡಿಯ ಬಾಡಿಗೆಗೆ ಆಗುತ್ತದೆ. ಒಂದೇ ಓಣಿಯ ನಾಲ್ಕೈದು ಮನೆಯವರು ಕೂಡಿ ಕರೆಸಿದರೆ ದರ ಕಡಿಮೆ ಮಾಡಿಸಲೂಬಹುದು.

ಸಭೆಯಲ್ಲಿ ಚರ್ಚಿಸಿರಿ

- ನಮ್ಮ ಮನೆಯ ಟ್ಯಾಂಕ್ ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು? ಬಾವಿಯಿಂದ ಎಷ್ಟು ದೂರವಿದೆ?
- ಗಾಡಿಯ ದರವನ್ನು ಮಹಾನಗರ ಪಾಲಿಕೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಯಾರು ವಿಚಾರಿಸಿ ಬರುತ್ತಾರೆ?
- ನಮ್ಮ ಓಣಿಯಲ್ಲಿ ಯಾರನ್ನೂ ಟ್ಯಾಂಕಿಗೆ ಇಳಿಸುವುದಿಲ್ಲ ಎಂದು ಸಂಘದ ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡೋಣವೇ?