ಅವಳಿಗೆ ಗೊತ್ತಾಗಲೇ ಇಲ್ಲ

ತಿಪಟೂರು

ಪ್ರೀತಿಯ ಪುಟ್ಟಿಗೆ,



ಹಾಸ್ಟೆಲಿನ ಗೆಳತಿಯರೆಲ್ಲ ಸೇರಿ ತಮಿಳು ಸಿನಿಮಾ ‘ಪರಿಯೇರುಂ ಪೆರುಮಾಳ್’ ನೋಡಿದಿರಂತೆ, ಆಮೇಲೆ ನಿನಗೆ ನಿದ್ದೆಯೇ ಹತ್ತಲಿಲ್ಲವಂತೆ. ನಿನ್ನ ಮೆಸೇಜಿನ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ: ತನಗಾದದ್ದನ್ನು ಪರಿಯನ್ ಜೋಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಅವಳು ಅವನ ಪರವಾಗಿ ನಿಲ್ಲುತ್ತಿರಲಿಲ್ಲವೇ? ಫೋನಿನಲ್ಲಿ ಹೇಳಿ ಮುಗಿಸುವಂಥ ಪ್ರಶ್ನೆ ಅಲ್ಲ ಅದು. ಅದಕ್ಕೇ ಬರೆಯಲು ಕೂತೆ.

ಜೋ ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ತಿರುನೆಲ್ವೇಲಿಯ ಲಾ ಕಾಲೇಜಿಗೆ ಹಳ್ಳಿಯಿಂದ ಬಂದ ದಲಿತ ಹುಡುಗ ಪರಿಯನ್, ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಎಲ್ಲರೆದುರು ನಗೆಪಾಟಲಾದಾಗ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಅವಳೇ. ನಿರ್ದೇಶಕ ಮಾರಿ ಸೆಲ್ವರಾಜ್ ಕೂಡ ಆ ಸೀಮೆಯವರೇ, ತಿರುನೆಲ್ವೇಲಿಯಲ್ಲಿ ಕಾನೂನು ಓದಿದವರು. 2018ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದ ಇದು ಅವರ ಮೊದಲ ಚಿತ್ರ. ಆ ಬೆಂಚುಗಳೂ ಆ ಪ್ರಿನ್ಸಿಪಾಲರ ಕೋಣೆಯೂ ಅಷ್ಟು ನಿಜವಾಗಿ ಕಾಣುವುದು ಅದಕ್ಕೇ.

ಈಗ ಮದುವೆಯ ದೃಶ್ಯವನ್ನು ಇನ್ನೊಮ್ಮೆ ನೆನಪಿಸಿಕೋ. ಅಕ್ಕನ ಮದುವೆಗೆ ಜೋ ತನ್ನ ತರಗತಿಯಲ್ಲಿ ಕರೆಯುವುದು ಪರಿಯನ್ ಒಬ್ಬನನ್ನೇ. ಎಷ್ಟು ಸಂತೋಷದಿಂದ ಕರೆಯುತ್ತಾಳೆ! ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಅವನು ಹೋಗುತ್ತಾನೆ. ಛತ್ರದಲ್ಲಿ ಅವಳ ಅಪ್ಪ ಅವನನ್ನು ಒಂದು ಕೋಣೆಗೆ ಕರೆದು ಕೂರಿಸಿ ಮಾತಿಗೆ ತೊಡಗುತ್ತಾರೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ ನೆಂಟರ ಹುಡುಗರು ಅವನನ್ನು ಬಡಿದು ಕೆಡವಿ ಮೇಲೆ ಉಚ್ಚೆ ಹೊಯ್ಯುತ್ತಾರೆ. ಹೊರಗೆ ವಾಲಗ ಊದುತ್ತಲೇ ಇರುವ ಮದುವೆಮನೆ. ಅಪ್ಪ ಕೊನೆಗೆ ಬೇಡಿಕೊಳ್ಳುವುದು ಏನನ್ನು? ನನ್ನ ಮಗಳಿಂದ ದೂರ ಇರು, ಇಲ್ಲದಿದ್ದರೆ ಇವರು ನಿನ್ನನ್ನಷ್ಟೇ ಅಲ್ಲ, ಅವಳನ್ನೂ ಬಿಡುವುದಿಲ್ಲ ಎಂದು. ಇದೆಲ್ಲ ನಡೆಯುವಾಗ ಅದೇ ಛತ್ರದಲ್ಲಿ ಜೋ ಓಡಾಡಿಕೊಂಡಿದ್ದಾಳೆ. ಆಮೇಲೆ ಕಾಲೇಜಿನಲ್ಲಿ ಅವಳಿಗೆ ಅವನ ಮೇಲೆ ಮುನಿಸು, ನನ್ನ ಮನೆಯ ಮದುವೆಗೇ ಬರಲಿಲ್ಲವಲ್ಲ ಎಂದು.

ಪರಿಯನ್ ಯಾಕೆ ಹೇಳಲಿಲ್ಲ ಎಂಬುದಕ್ಕೆ ನನಗೆ ಕಾಣುವ ಉತ್ತರ ಇದು. ಹೇಳಿದರೆ ಅವಳು ಮನೆಯಲ್ಲಿ ಕೂಗಾಡುತ್ತಾಳೆ, ಅವಳು ಕೂಗಾಡಿದರೆ ಅವಳ ಜೀವಕ್ಕೇ ಕುತ್ತು. ಅಷ್ಟೇ ಅಲ್ಲ. ತನ್ನ ಮೈಮೇಲೆ ಆದದ್ದನ್ನು ತಾನು ಇಷ್ಟಪಡುವ ಹುಡುಗಿಯೆದುರು ಬಾಯಿಬಿಟ್ಟು ಹೇಳುವುದು ಎಂಥ ಸಂಕಟ, ಯೋಚಿಸು. ಏಟು ತಿಂದವನೇ ಅವಳ ಮುಗ್ಧತೆಯನ್ನೂ ಕಾಯಬೇಕಾಯಿತು. ನಿಮಗೆಲ್ಲ ಅಳು ಬಂದದ್ದು ಅವರಿಬ್ಬರು ಒಂದಾಗಲಿಲ್ಲ ಎಂದು. ನನಗೆ ಸಂಕಟವಾದದ್ದು ಈ ಲೆಕ್ಕ ನೋಡಿ. ಪ್ರೀತಿ ಇಬ್ಬರದು, ಬೆಲೆ ಮಾತ್ರ ಒಬ್ಬನೇ ತೆರುತ್ತಾನೆ, ಇನ್ನೊಬ್ಬಳಿಗೆ ಆ ಬೆಲೆ ಎಷ್ಟೆಂಬುದೇ ಗೊತ್ತಿಲ್ಲ. ಜೋ ಪಾತ್ರ ಪೇಲವವಾಯಿತು, ಅವಳಿಗೇನೂ ತಿಳಿಯುವುದಿಲ್ಲ ಎಂದು ನಿನ್ನ ಗೆಳತಿಯೊಬ್ಬಳು ಅಂದಳಂತಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮೇಲುಜಾತಿಯ ಮನೆಯಲ್ಲಿ ಮುದ್ದಿನಿಂದ ಬೆಳೆದ ಹುಡುಗಿಗೆ ಏನೂ ಗೊತ್ತಾಗದ ಹಾಗೆ ಎಲ್ಲವನ್ನೂ ನಡೆಸುವುದು ಎಷ್ಟು ಸುಲಭ ಎಂಬುದನ್ನೇ ಮಾರಿ ಸೆಲ್ವರಾಜ್ ತೋರಿಸಿದ್ದಾರೆ.

ಚಿತ್ರದ ಆ ಮುದುಕನನ್ನು ನೀನು ಮರೆತಿರಲಾರೆ. ಜಾತಿ ಮೀರಿ ಪ್ರೀತಿಸಿದವರನ್ನು ಕುಲದೇವರ ಸೇವೆ ಎಂದುಕೊಂಡು ಮುಗಿಸುವವನು, ಪ್ರತಿ ಕೊಲೆಯನ್ನೂ ಅಪಘಾತವೋ ಆತ್ಮಹತ್ಯೆಯೋ ಎನ್ನಿಸುವಂತೆ ಮಾಡುವವನು. ಸಿನಿಮಾಕ್ಕೆಂದು ಕಟ್ಟಿದ ಕತೆ ಎಂದುಕೊಳ್ಳಬೇಡ. 2015ರಲ್ಲಿ ತಿರುಚೆಂಗೋಡಿನ ದೇವಸ್ಥಾನದಲ್ಲಿ ಗೆಳತಿಯೊಂದಿಗೆ ಮಾತಾಡುತ್ತಿದ್ದ ದಲಿತ ಎಂಜಿನಿಯರಿಂಗ್ ಪದವೀಧರನೊಬ್ಬನನ್ನು ಎತ್ತಿಕೊಂಡು ಹೋದರು. ಅವನ ಶವ ಸಿಕ್ಕಿದ್ದು ರೈಲು ಹಳಿಯ ಮೇಲೆ. ಅದು ಆತ್ಮಹತ್ಯೆ ಅಲ್ಲ, ಕೊಲೆ ಎಂದು ಕೋರ್ಟು ತೀರ್ಪು ಕೊಡುವಾಗ 2022 ಬಂದಿತ್ತು. ಇನ್ನು ಅದೇ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ 2023ರಲ್ಲಿ ದಲಿತ ವಿದ್ಯಾರ್ಥಿಯೊಬ್ಬನನ್ನು ಸಹಪಾಠಿಗಳೇ ಮನೆಗೆ ನುಗ್ಗಿ ಕಡಿದರು. ಅದರ ನಂತರ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ, ಮಕ್ಕಳು ಜಾತಿ ಗುರುತಿಗೆ ಕೈಗೆ ಕಟ್ಟಿಕೊಂಡು ಬರುವ ಬಣ್ಣದ ದಾರಗಳನ್ನು ಶಾಲೆಗಳಲ್ಲಿ ನಿಷೇಧಿಸಬೇಕೆಂದು 2024ರಲ್ಲಿ ಶಿಫಾರಸು ಮಾಡಬೇಕಾಯಿತು. ಶಾಲೆಯ ಮಕ್ಕಳು, ಪುಟ್ಟಿ!

ಕೌಸಲ್ಯಾಳ ವಿಷಯ ನಿನಗೆ ಹೇಳಲೇಬೇಕು. ಪಳನಿಯ ಹುಡುಗಿ. ಪೊಳ್ಳಾಚಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜತೆಗೆ ಓದುತ್ತಿದ್ದ ಶಂಕರ್ ಎಂಬ ದಲಿತ ಹುಡುಗನನ್ನು ಇಷ್ಟಪಟ್ಟು ಮದುವೆಯಾದಳು. 2016ರ ಮಾರ್ಚ್ 13ರಂದು ಉಡುಮಲೈಪೇಟೆಯ ಬಸ್ ನಿಲ್ದಾಣದ ಹತ್ತಿರ, ಹಾಡುಹಗಲೇ, ಅಷ್ಟು ಜನರ ಎದುರು ಇಬ್ಬರನ್ನೂ ಮಚ್ಚಿನಿಂದ ಕೊಚ್ಚಿದರು. ಶಂಕರ್ ಉಳಿಯಲಿಲ್ಲ. ತಲೆಗೆ ಏಟು ಬಿದ್ದಿದ್ದ ಕೌಸಲ್ಯಾ ಉಳಿದಳು, ಕೋರ್ಟಿಗೆ ಹೋಗಿ ಹೆತ್ತವರ ವಿರುದ್ಧವೇ ಸಾಕ್ಷಿ ಹೇಳಿದಳು. 2017ರಲ್ಲಿ ಅವಳ ತಂದೆ ಸೇರಿ ಆರು ಮಂದಿಗೆ ಗಲ್ಲು ಶಿಕ್ಷೆಯಾಯಿತು. 2020ರಲ್ಲಿ ಮದ್ರಾಸ್ ಹೈಕೋರ್ಟು ತಂದೆಯನ್ನು ಬಿಡುಗಡೆ ಮಾಡಿ, ಉಳಿದ ಐವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕೌಸಲ್ಯಾ ಅಷ್ಟಕ್ಕೇ ಕೂರಲಿಲ್ಲ, ಜಾತಿಯ ವಿರುದ್ಧ ಮಾತಾಡುತ್ತಲೇ ಬಂದಳು. ಜೋಗೆ ತಿಳಿಯದೇ ಹೋದದ್ದೆಲ್ಲ ತಿಳಿದ ಹುಡುಗಿ ಅವಳು. ಅಷ್ಟು ರಕ್ತ ಹರಿದ ಮೇಲೆ ತಿಳಿಯುವಂತಾಯಿತಲ್ಲ ಎಂಬುದೇ ನನ್ನ ನೋವು.

ಕಾನೂನು ಓದುವವಳು ನೀನು, ಶಕ್ತಿವಾಹಿನಿ ಪ್ರಕರಣ ನಿಮ್ಮ ತರಗತಿಯಲ್ಲಿ ಬಂದೇ ಬರುತ್ತದೆ. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಅಡ್ಡ ಬರಲು ಮನೆಯವರಿಗೂ ಪಂಚಾಯಿತಿಗೂ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲೇ ಹೇಳಿದೆ. ಅಂಬೇಡ್ಕರ್ ಇನ್ನೂ ಮೊದಲೇ, 1936ರ ‘ಜಾತಿ ವಿನಾಶ’ದಲ್ಲಿ, ಅಂತರ್ಜಾತಿ ಮದುವೆಯೇ ಜಾತಿಗೆ ನಿಜವಾದ ಮದ್ದು ಎಂದಿದ್ದರು. ಆದರೆ ಜನ ಆ ಮದ್ದು ಕುಡಿಯುವುದಿಲ್ಲ, ಯಾಕೆಂದರೆ ಜಾತಿಯನ್ನು ಅವರು ಪವಿತ್ರ ಎಂದು ನಂಬಿದ್ದಾರೆ ಎಂದೂ ಅಲ್ಲೇ ಬರೆದರು. ಆ ಪುಸ್ತಕ ಈ ರಜೆಯಲ್ಲಿ ಓದು. ನನ್ನ ಬೀರುವಿನಲ್ಲಿದೆ.

ನಮ್ಮ ಕಡೆ ಹೀಗೆಲ್ಲ ಇಲ್ಲ ಎಂದು ನಿಮ್ಮಪ್ಪ ಹೇಳುತ್ತಾನೆ. ಆದರೆ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಕಲ್ಯಾಣದಲ್ಲಿ ಆ ಇಬ್ಬರು ತಂದೆಯರಿಗೆ ಏನಾಯಿತೆಂದು ಅವನಿಗೂ ಗೊತ್ತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಹಾಜರಿ ಕೂಗುವಾಗ, ದಸರಾ ರಜೆ ಕಳೆದು ಬಂದರೆ ಒಬ್ಬಿಬ್ಬರು ಹುಡುಗಿಯರ ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ಮದುವೆ ಗೊತ್ತಾಯಿತು ಮಿಸ್, ಎಂದು ಪಕ್ಕದವರು ತಲೆ ತಗ್ಗಿಸಿ ಹೇಳುತ್ತಿದ್ದರು. ಇಡೀ ತರಗತಿಗೆ ಕಾರಣ ಗೊತ್ತಿರುತ್ತಿತ್ತು. ನಮ್ಮ ಮನೆಯಲ್ಲೇ ನೋಡು: ತೋಟದ ಕೆಲಸಕ್ಕೆ ಬರುವವರಿಗೆ ಕಾಫಿ ಕೊಡುವ ಲೋಟ ಯಾವುದು, ಅದನ್ನು ಎಲ್ಲಿ ಬೋರಲು ಹಾಕುತ್ತಾರೆ? ಅಡುಗೆಮನೆ ನಿನ್ನದೂ ಹೌದು. ನಿನಗೆ ಗೊತ್ತಿರಬೇಕು.

ಪುಟ್ಟಿ, ನೀನು ಯಾರನ್ನು ಇಷ್ಟಪಡುತ್ತೀಯೋ ಪಡು, ನಾನು ಜಾತಿ ಕೇಳುವುದಿಲ್ಲ. ಆದರೆ ಅವನ ಕೈ ಹಿಡಿಯುವ ಮೊದಲು ನಿನ್ನ ಮನೆಯವರು ಏನು ಮಾಡಬಲ್ಲರು ಎಂಬುದನ್ನು ತಿಳಿದುಕೋ. ಅದನ್ನು ನಿನಗೆ ಬಿಡಿಸಿ ಹೇಳುವ ಹೊರೆ ಅವನ ಮೇಲೆ ಬೀಳಬಾರದು. ಮಾತಾಡುವ ಜಾಗದಲ್ಲಿ ಮೊದಲು ಮಾತಾಡಬೇಕಾದವಳು ನೀನು, ಯಾಕೆಂದರೆ ಆ ಮನೆ ನಿನ್ನದು.

ಜಾತ್ರೆಗೆ ಕಾಲೇಜಿನ ಸ್ನೇಹಿತರನ್ನೆಲ್ಲ ಕರೆತರುತ್ತೇನೆ ಎಂದಿದ್ದೀಯ. ಖಂಡಿತ ಕರೆದುಕೊಂಡು ಬಾ. ಬರುವ ಮೊದಲು ನೀನೇ ಅಪ್ಪನಿಗೆ ಫೋನ್ ಮಾಡಿ, ಎಲ್ಲರೂ ನಡುಮನೆಯಲ್ಲಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ ಎಂದು ಸ್ಪಷ್ಟವಾಗಿ ಹೇಳು. ನಾನು ಆಮೇಲೆ ಮಾತಾಡುತ್ತೇನೆ, ಊಟಕ್ಕೂ ನಿಮ್ಮ ಜತೆಗೇ ಕೂರುತ್ತೇನೆ. ಅವನು ಒಪ್ಪದಿದ್ದರೆ ಎಲ್ಲರೂ ನೇರ ನನ್ನ ಮನೆಗೆ ಬನ್ನಿ. ಎಷ್ಟು ಜನ ಬರುತ್ತೀರಿ ಎಂದು ಮೊದಲೇ ತಿಳಿಸು.

ಇತಿ ನಿನ್ನ
ದೊಡ್ಡಮ್ಮ