ಮಾತ್ರೆಯ ಹೊತ್ತು, ಆಸ್ಪತ್ರೆಯ ಹೊತ್ತು

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಒಂಬತ್ತು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತೆಂದು ಆಸ್ಪತ್ರೆಗೆ ಸೇರಿಸಿದೆವು. ಮನೆಯಲ್ಲಿ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರಕ್ಕೆ ಸಿನ್‌ಡೋಪಾ ಕೊಡುತ್ತಿದ್ದೆವು. ಅಲ್ಲಿ ಊಟವಾದ ಮೇಲೆ ದಿನಕ್ಕೆ ಮೂರು ಸಲ ಎಂದು ಬರೆದರು. ಆಪರೇಷನ್ ದಿನ ಹೊಟ್ಟೆ ಖಾಲಿ ಇರಬೇಕೆಂದು ಒಂದನ್ನೂ ಕೊಡಲಿಲ್ಲ. ಮರುದಿನ ಅಪ್ಪ ಮರದ ಕೊರಡಿನಂತಾದರು, ಗುಟುಕು ನೀರೂ ಇಳಿಯಲಿಲ್ಲ. ರಾತ್ರಿ ಕೋಣೆಯಲ್ಲಿ ಯಾರೋ ಮಕ್ಕಳಿದ್ದಾರೆ ಎಂದು ಗಾಬರಿಯಾದಾಗ ಇಂಜೆಕ್ಷನ್ ಕೊಟ್ಟರು. ಆಮೇಲೆ ಇನ್ನೂ ಬಿಗಿದುಕೊಂಡರು. ಅಣ್ಣ ಡಾಕ್ಟರ ಮೇಲೆ ಕೂಗಾಡಿದ. ತಮ್ಮ ‘ವಯಸ್ಸಾಯ್ತಲ್ಲ, ಬಿಡಿ’ ಅನ್ನುತ್ತಾನೆ. ಈಗ ಮನೆಯಲ್ಲಿದ್ದಾರೆ. ಇನ್ನೊಂದು ಆಪರೇಷನ್ ಆಗಬೇಕಂತೆ. ಏನು ಮಾಡಲಿ?
– ಮಗಳು, ಶಿವಮೊಗ್ಗ

ಉತ್ತರ: ವಯಸ್ಸಿನ ಮೇಲೆ ಹಾಕಿ ಬಿಡುವಂಥದ್ದಲ್ಲ ಇದು. ನೀವು ಬರೆದದ್ದನ್ನು ನೋಡಿದರೆ ಮಾತ್ರೆ ತಪ್ಪಿದ್ದೇ ದೊಡ್ಡ ಕಾರಣ ಅನ್ನಿಸುತ್ತದೆ. ಸಿನ್‌ಡೋಪಾದಲ್ಲಿರುವ ಲೆವೊಡೋಪಾದ ಅರ್ಧ ಭಾಗ ಸುಮಾರು ಒಂದೂವರೆ ಗಂಟೆಯಲ್ಲೇ ರಕ್ತದಿಂದ ಹೊರಟುಹೋಗುತ್ತದೆ. ಕಾಯಿಲೆ ಹಳತಾದಷ್ಟೂ ಮಿದುಳಿಗೆ ಅದನ್ನು ಕೂಡಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆ. ಹೊತ್ತು ಮೀರಿದರೆ ಕೈಕಾಲಷ್ಟೇ ಅಲ್ಲ, ಗಂಟಲೂ ಬಿಗಿಯುತ್ತದೆ. ಆಗ ಮುಂದಿನ ಮಾತ್ರೆಯನ್ನು ನುಂಗುವುದೇ ಕಷ್ಟ. ಥಟ್ಟನೆ ಪೂರ್ತಿ ನಿಂತರೆ ತೀವ್ರ ಜ್ವರ ಬಂದು ಪ್ರಾಣಾಪಾಯವೂ ಆಗಬಹುದು. ಬ್ರಿಟನ್ನಿನ ಕುಟುಂಬಗಳದ್ದೂ ಇದೇ ಗೋಳು. ಆಸ್ಪತ್ರೆಗಳಲ್ಲಿ ಈ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ ಎಂದು ಅಲ್ಲಿನ ಪಾರ್ಕಿನ್ಸನ್ಸ್ ಯುಕೆ ಸಂಸ್ಥೆ ವರ್ಷಗಳಿಂದ ಅಭಿಯಾನವನ್ನೇ ನಡೆಸುತ್ತಿದೆ.

ಸೇರಿಸುವ ಮುಂಚೆಯೇ ನಿಮ್ಮ ನರರೋಗ ತಜ್ಞರಿಂದ ಚೀಟಿ ಬರೆಸಿಕೊಳ್ಳಿ. ಅದರಲ್ಲಿ ‘ದಿನಕ್ಕೆ ನಾಲ್ಕು’ ಎಂದಿದ್ದರೆ ಸಾಲದು, ಗಂಟೆಗಳೇ ಇರಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕೆಂದೂ ಇರಲಿ, ಏಕೆಂದರೆ ಹಾಲು, ಬೇಳೆ, ಮೊಟ್ಟೆಯ ಪ್ರೋಟೀನು ಔಷಧಿ ಹೀರಿಕೊಳ್ಳಲು ಅಡ್ಡ ಬರುತ್ತದೆ. ಅರಿವಳಿಕೆ ಡಾಕ್ಟರನ್ನು ಹಿಂದಿನ ದಿನವೇ ಕಂಡು, ಆಪರೇಷನ್ ದಿನದ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ನುಂಗಲಾಗದಿದ್ದರೆ ಮೂಗಿನ ನಳಿಕೆಯಿಂದ ಪುಡಿಮಾಡಿ ಕೊಡುವ ದಾರಿಯಿದೆ. ಆದರೆ ‘ಸಿಆರ್’ ಎಂದು ಬರೆದಿರುವ, ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿಮಾಡಬಾರದು.

ಇನ್ನು ಆ ಇಂಜೆಕ್ಷನ್. ಯಾವುದೆಂದು ಡಿಸ್‌ಚಾರ್ಜ್ ಚೀಟಿಯಲ್ಲಿ ನೋಡಿ. ಗಲಿಬಿಲಿಗೆ ಕೊಡುವ ಹ್ಯಾಲೊಪೆರಿಡಾಲ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಸ್ಟೆಮೆಟಿಲ್ – ಲೆವೊಡೋಪಾ ಮಿದುಳಿನಲ್ಲಿ ಡೋಪಮಿನ್ ಆಗಿ ಕೆಲಸ ಮಾಡುತ್ತದೆ, ಇವು ಆ ಕೆಲಸವನ್ನೇ ತಡೆಯುತ್ತವೆ. ಈ ಮೂರೂ ಬೇಡ ಎಂದು ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ. ಬದಲಿ ಔಷಧಿಗಳಿವೆ. ಇಲ್ಲದ ಮಕ್ಕಳು ಕಂಡಾಗ ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೋವು ಇವೆಯೇ ಎಂದು ಮೊದಲು ಹುಡುಕಬೇಕು.

ಅಣ್ಣನವರ ಸಿಟ್ಟು ನ್ಯಾಯವಾದದ್ದೇ. ಆದರೂ ವಾರ್ಡಿನಲ್ಲಿ ಮೂವರು ಮೂರು ಮಾತಾಡಿದರೆ ಯಾರ ಮಾತೂ ನಿಲ್ಲುವುದಿಲ್ಲ. ಮಾತ್ರೆಯ ಲೆಕ್ಕ ಬಲ್ಲವರು ನೀವು, ಡಾಕ್ಟರ ಹತ್ತಿರ ನೀವೇ ಮಾತಾಡಿ. ರಾತ್ರಿ ಕಾಯುವ ಸರದಿ ಗಂಡುಮಕ್ಕಳದಾಗಲಿ.

ಪ್ರಶ್ನೆ: ಅತ್ತೆಯವರಿಗೆ ಪಾರ್ಕಿನ್ಸನ್ ಕೊನೆಯ ಹಂತಕ್ಕೆ ಬಂದಿದೆ. ಮತ್ತೆ ಮತ್ತೆ ನ್ಯುಮೋನಿಯಾ. ಹೊಟ್ಟೆಗೆ ನಳಿಕೆ ಹಾಕಿಸೋಣ ಎಂದು ನನ್ನ ಯಜಮಾನರು, ಹಿಂಸೆ ಬೇಡ ಎಂದು ನಾದಿನಿ. ನೋಡಿಕೊಳ್ಳುವವಳು ನಾನು, ನನ್ನನ್ನು ಯಾರೂ ಕೇಳುವುದಿಲ್ಲ.
– ಸೊಸೆ, ಹಾಸನ

ಉತ್ತರ: ನೀವು ಹೇಳಲೇಬೇಕು, ಏಕೆಂದರೆ ಅವರ ದಿನಚರಿ ಬಲ್ಲವರು ನೀವೇ. ನಳಿಕೆಯಿಂದ ಆಹಾರ, ಮಾತ್ರೆ ಹೋಗುತ್ತದೆ, ನಿಜ. ಆದರೆ ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿಯುವುದನ್ನು ಅದು ತಡೆಯುವುದಿಲ್ಲ, ನ್ಯುಮೋನಿಯಾ ಮತ್ತೆ ಬರಬಹುದು. ಇದನ್ನು ಡಾಕ್ಟರೇ ಇಬ್ಬರನ್ನೂ ಕೂರಿಸಿ ಹೇಳಲಿ.

ಮುಂದೆ ಐಸಿಯು, ವೆಂಟಿಲೇಟರ್ ಮಾತು ಬಂದರೆ ಯಾವುದು ಬೇಕು, ಯಾವುದು ಬೇಡ ಎಂದು ರೋಗಿಯೇ ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಈ ತೀರ್ಪನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಅತ್ತೆಯವರಿಗೆ ಮಾತು ಅರ್ಥವಾಗುವಂತಿದ್ದರೆ ಮೊದಲು ಅವರನ್ನೇ ಕೇಳಿ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು ನೋಡಿ ಕೇಳಿ. ಧ್ವನಿ ಸಣ್ಣಗಿರುತ್ತದೆ, ಉತ್ತರ ತಡವಾಗಿ ಬರುತ್ತದೆ. ಅವರು ಹೇಳಿ ಮುಗಿಸುವವರೆಗೆ ಯಜಮಾನರಾಗಲಿ ನಾದಿನಿಯಾಗಲಿ ನಡುವೆ ಬಾಯಿ ಹಾಕದಂತೆ ನೋಡಿಕೊಳ್ಳಿ.