‘ತಾಯಿಯನ್ನ ಮೊದಲು ತೋರ್ಸಿ’

ಅಟ್ಟದ ಮೇಲಿಂದ ಬರುತ್ತಿದ್ದ ಕೀರಲು ಅಳು ಮೂರನೆಯ ರಾತ್ರಿಯೂ ನಿಲ್ಲಲಿಲ್ಲ. ಪುನರ್ವಸು ಮಳೆ ಹಿಡಿದ ಎರಡನೇ ದಿನ ನಮ್ಮ ಬೂದಿ ಅಲ್ಲಿ, ಹಳೆ ಗೋಣಿಚೀಲಗಳ ಸಂದಿಯಲ್ಲಿ, ನಾಲ್ಕು ಮರಿ ಹಾಕಿದ್ದಳು. ಬಚ್ಚಲ ಒಲೆಯ ಬೂದಿಯಲ್ಲೇ ಮಲಗಿ ಬೆಳೆದ ಬೆಕ್ಕು, ಅದಕ್ಕೇ ಆ ಹೆಸರು. ಅವಳಿಗೇ ಇನ್ನೂ ವರ್ಷ ತುಂಬಿರಲಿಲ್ಲ, ಚೊಚ್ಚಲ ಹೆರಿಗೆ. ಮೊದಲ ಎರಡು ದಿನ ಮರಿಗಳನ್ನು ಬಿಟ್ಟು ಕದಲಿರಲಿಲ್ಲ. ಮೂರನೆಯ ದಿನದಿಂದ ಕೆಳಗೇ ಇದ್ದಳು. ಒಲೆಯ ಪಕ್ಕ ಮುದುಡಿ ಮಲಗುವುದು, ಅಳು ಕೇಳಿದರೆ ಕಿವಿ ಆಡಿಸುವುದು, ಮತ್ತೆ ಕಣ್ಣು ಮುಚ್ಚುವುದು.

“ಎಂಥ ತಾಯಿ ಇವಳು” ಎಂದು ನಾನು ಎರಡು ಮೂರು ಸಲ ಅಂದೆ. ಒಮ್ಮೆ ಎತ್ತಿಕೊಂಡು ಹೋಗಿ ಮರಿಗಳ ಮಧ್ಯೆ ಬಿಟ್ಟು, ಏಣಿಯ ಬಾಯಿಗೆ ಹಲಗೆ ಮುಚ್ಚಿದೆ. ಅರ್ಧ ಗಂಟೆಯಲ್ಲಿ ಅವಳು ಹೆಂಚಿನ ಸಂದಿಯಿಂದ ಹೊರಬಿದ್ದು, ತೊಯ್ದುಕೊಂಡು, ಮತ್ತೆ ಒಲೆಯ ಬುಡಕ್ಕೇ ಬಂದಿದ್ದಳು. ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅತ್ತೆ ಹೇಳುತ್ತಲೇ ಇದ್ದರು, “ಮುಟ್ಟಬೇಡ ಮಾರಾಯ್ತಿ, ಕೈ ವಾಸನೆ ಹತ್ತಿದ್ರೆ ತಾಯಿ ಬಿಟ್ಟೇ ಹೋಗ್ತದೆ.” ಸಾಗರದ ಸುತ್ತಿನ ನಮ್ಮ ಊರುಗಳಲ್ಲಿ ಎಲ್ಲರೂ ನಂಬುವ ಮಾತು. ನಾನೂ ನಂಬಿ ಒಂದು ದಿನ ಕಾದೆ. ಮನೆಯ ಬೆಕ್ಕಿಗೆ ನಮ್ಮ ಕೈ ವಾಸನೆ ಹೊಸದಲ್ಲ. ಒಂದು ಸಲ ಮುಟ್ಟಿದ್ದಕ್ಕೆ ಅದು ಮರಿ ಬಿಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಪದೇ ಪದೇ ಗಲಾಟೆ ಮಾಡಿದರೆ ಮರಿಗಳನ್ನು ಬೇರೆ ಕಡೆ ಸಾಗಿಸುತ್ತದೆ ಅಷ್ಟೆ. ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುವುದು ಇದನ್ನೇ ಇರಬೇಕು.

ಹೊಟ್ಟೆ ತುಂಬಿ ಬೆಚ್ಚಗಿರುವ ಮರಿ ಅಳುವುದಿಲ್ಲ, ಮಲಗುತ್ತದೆ. ಬಿಡದೆ ಅಳುತ್ತಿದೆ ಎಂದರೆ ಹಸಿವು, ಇಲ್ಲವೇ ಚಳಿ. ಅಳು ಕ್ಷೀಣಿಸಿ ನಿಂತರೆ ಅದು ಇನ್ನೂ ಕೆಟ್ಟದ್ದು. ನಾಲ್ಕನೆಯ ದಿನ ಸಂಜೆ ನಾನು ಹತ್ತಿ ನೋಡಿದಾಗ ಮೂರು ಮರಿ ಒಂದರ ಮೇಲೊಂದು ಬಿದ್ದು ಅಳುತ್ತಿದ್ದವು. ನಾಲ್ಕನೆಯದು ಒಂದು ಗೇಣು ದೂರದಲ್ಲಿ ಸುಮ್ಮನೆ ಬಿದ್ದಿತ್ತು. ಮುಟ್ಟಿದರೆ ಹೊಳೆಯ ಕಲ್ಲಿನಂತೆ ತಣ್ಣಗೆ. ಬಾಯಿ ಮಾತ್ರ ಆಗೊಮ್ಮೆ ಈಗೊಮ್ಮೆ ತೆರೆಯುತ್ತಿತ್ತು.

ಕೆಳಗೆ ತಂದು, ಆಗಷ್ಟೇ ಕರೆದ ಹಸುವಿನ ಹಾಲಿಗೆ ನೀರು ಬೆರೆಸಿ ಬಿಸಿ ಮಾಡಿ, ಅಂಗೈಯಲ್ಲಿ ಮಗುವಿನ ಹಾಗೆ ಅಂಗಾತ ಮಲಗಿಸಿಕೊಂಡು, ಇಂಕ್ ಫಿಲ್ಲರಿನಿಂದ ಬಾಯಿಗೆ ಬಿಟ್ಟೆ. ಹಾಲು ಮೂಗಿನಲ್ಲಿ ಬಂತು. ಒರೆಸಿ ಮತ್ತೆ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು.

ಒಂದೇ ಸಲಕ್ಕೆ ನಾನು ಮಾಡಿದ ತಪ್ಪು ಮೂರು. ತಣ್ಣಗಾದ ಮರಿಯ ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ, ಹಾಲು ಅರಗುವುದಿಲ್ಲ. ಮೊದಲು ಮೈ ಬೆಚ್ಚಗಾಗಬೇಕು, ಅದೂ ನಿಧಾನವಾಗಿ, ಆಮೇಲೆ ಹಾಲು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿ ತಾಯಿಯ ಹತ್ತಿರ ಕುಡಿಯುವಾಗ ಕವುಚಿ ಮಲಗಿರುತ್ತದೆ, ಹಾಗೇ ಇರಬೇಕು. ಇನ್ನು ಹಸುವಿನ ಹಾಲು. ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನ್ ಅದರಲ್ಲಿಲ್ಲ, ಅದರ ಸಕ್ಕರೆ ಅಂಶ ಮರಿಗೆ ಒಗ್ಗದೆ ಭೇದಿಯಾಗುತ್ತದೆ. ನೀರು ಬೆರೆಸಿದರೆ ಇದ್ದ ಸತ್ವವೂ ಹೋಯಿತು. ಕೊಟ್ಟಿಗೆ ತುಂಬ ಹಾಲಿರುವ ಮನೆಯಲ್ಲಿ ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಉಳಿದ ಮೂರನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶು ವೈದ್ಯರ ಹತ್ತಿರ ಓಡಿದೆ. ಅವರು ಬುಟ್ಟಿಯೊಳಗೆ ಇಣುಕಿ, ಒಂದರ ಕತ್ತಿನ ಚರ್ಮವನ್ನು ಚಿವುಟಿದ ಹಾಗೆ ಎತ್ತಿ ಬಿಟ್ಟು ನೋಡಿದರು. ಬಿಟ್ಟ ಚರ್ಮ ನಿಧಾನಕ್ಕೆ ಕೆಳಗಿಳಿಯಿತು. ಮೈಯ ನೀರು ಆರಿದೆ ಎಂದರ್ಥ. ಆಮೇಲೆ ಕೇಳಿದರು, “ಇದರ ತಾಯಿ ಎಲ್ಲಮ್ಮಾ? ಅದನ್ನ ಮೊದಲು ತೋರ್ಸಿ.”

ಮಧ್ಯಾಹ್ನ ಬೂದಿಯನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಹೋದೆ. ಅವರು ಅವಳ ಹೊಟ್ಟೆಯ ಕೂದಲು ಸರಿಸಿ ಒಂದು ಕಡೆ ನನ್ನ ಬೆರಳನ್ನೇ ಇಟ್ಟರು. ಕಲ್ಲಿನಂತೆ ಗಟ್ಟಿ, ಕೆಂಡದಂತೆ ಬಿಸಿ. ಬೂದಿ ಕಿರುಚಿದಳು. ಹಿಂದಿನ ಎರಡು ಮೊಲೆಗಳ ಸುತ್ತ ಚರ್ಮ ಕೆಂಪಡರಿ ನೀಲಿಗೆ ತಿರುಗಿತ್ತು. ಜ್ವರವಿತ್ತು.

ಕೆಚ್ಚಲು ಬಾವು! ಹಸುವಿಗೆ ಬಂದಿದ್ದರೆ ಕರೆಯಲು ಕೂತ ಅರೆಕ್ಷಣದಲ್ಲಿ ನಮ್ಮ ಮನೆಯಲ್ಲಿ ಯಾರಿಗಾದರೂ ತಿಳಿಯುತ್ತಿತ್ತು. ಹಸು ಒದ್ದರೆ ನಾವು ಬಯ್ಯುವುದಿಲ್ಲ, ಬಗ್ಗಿ ಕೆಚ್ಚಲು ನೋಡುತ್ತೇವೆ. ಬೆಕ್ಕು ಮರಿಗಳಿಗೆ ಮೊಲೆ ಕೊಡದಿದ್ದಾಗ ಮಾತ್ರ ಅದರ ಗುಣವನ್ನು ಬಯ್ದೆ. ಅವಳು ಮೂರು ದಿನದಿಂದ ಏನೂ ತಿಂದಿರಲಿಲ್ಲ ಎನ್ನುವುದನ್ನೂ ಅಲ್ಲಿ, ವೈದ್ಯರು ಕೇಳಿದ ಮೇಲೆ ಲೆಕ್ಕ ಹಾಕಿದೆ. ಮರಿಗಳು ಬಾಯಿ ಹಾಕಿದರೆ ಪ್ರಾಣ ಹೋಗುವಷ್ಟು ನೋವಾಗುವ ತಾಯಿ ಬೆಚ್ಚನೆಯ ಒಲೆಯನ್ನು ಹುಡುಕಿಕೊಂಡು ಬಂದಿದ್ದಳು. ನಾನು ಅವಳನ್ನು ಎತ್ತಿಕೊಂಡು ಹೋಗಿ ಹಲಗೆ ಮುಚ್ಚಿದ್ದೆ.

ಅವಳಿಗೆ ಇಂಜೆಕ್ಷನ್, ಐದು ದಿನದ ಔಷಧಿ, ದಿನಕ್ಕೆ ಮೂರು ಸಲ ಬಿಸಿನೀರಿನ ಬಟ್ಟೆಯ ಶಾಖ. ಮೊದಲ ದಿನ ಮರಿಗಳು ತಾಯಿಯ ಹಾಲು ಕುಡಿದಿದ್ದವೇ ಎಂದು ವೈದ್ಯರು ಎರಡು ಸಲ ಕೇಳಿದರು. ಕುಡಿದಿದ್ದವು. ಕರುವಿಗೆ ಗಿಣ್ಣು ಹಾಲು ಇದ್ದ ಹಾಗೆ ಮರಿಗಳಿಗೂ ರೋಗ ತಡೆಯುವ ಶಕ್ತಿ ಆ ಮೊದಲ ಹಾಲಿನಿಂದಲೇ ಬರುವುದು, ಮೊದಲ ದಿನ ಕಳೆದರೆ ಹೊಟ್ಟೆ ಅದನ್ನು ಹೀರಿಕೊಳ್ಳುವುದಿಲ್ಲ. “ಹಾಗಾದ್ರೆ ಆಸೆ ಇದೆ” ಎಂದರು.

ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಶಿವಮೊಗ್ಗದಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಸಂಜೆಗೆ ಬಂತು. ಅಲ್ಲಿಯವರೆಗೆ ವೈದ್ಯರು ಹೇಳಿದಂತೆ, ಮೈ ಬೆಚ್ಚಗಾದ ಮೇಲೆ, ಗ್ಲೂಕೋಸ್ ನೀರು ಹನಿ ಹನಿಯಾಗಿ.

ನಿಜವಾದ ಕೆಲಸ ಬೆಚ್ಚಗಿಡುವುದು. ಹುಟ್ಟಿದ ಮೊದಲ ವಾರ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಸುತ್ತಲೂ 30 ಡಿಗ್ರಿಯಷ್ಟು ಶಾಖ ಬೇಕು. ಜುಲೈ ಮಳೆಯಲ್ಲಿ ನಮ್ಮ ಮನೆಯ ಗೋಡೆಗಳೇ ಬೆವರುತ್ತವೆ, ಕರೆಂಟು ಹೋದರೆ ಎರಡು ದಿನಕ್ಕೆ ಬಂತು. ಬಲ್ಬ್ ಉರಿಸುವ ಮಾತೇ ಇಲ್ಲ. ಆದರೆ ಬಚ್ಚಲ ಹಂಡೆಯಲ್ಲಿ ಹಗಲೂ ರಾತ್ರಿ ಬಿಸಿನೀರಿತ್ತು. ಎರಡು ಬಾಟಲಿಗೆ ತುಂಬಿ, ಹಳೆ ಪಂಚೆ ಎರಡು ಸುತ್ತು ಸುತ್ತಿ, ಬುಟ್ಟಿಯ ಒಂದೇ ಬದಿಗೆ ಇಟ್ಟೆ. ಒಂದೇ ಬದಿಗೆ ಎನ್ನುವುದು ಮುಖ್ಯ. ಸೆಕೆಯಾದ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಬೇಕು, ಇಲ್ಲದಿದ್ದರೆ ಬೇಯುತ್ತದೆ.

ಜಾಯಿಕಾಯಿ ಪತ್ರೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಮನೆಯಲ್ಲಿತ್ತು. ಮರಿಗಳನ್ನು ಒಂದೊಂದಾಗಿ ಇಟ್ಟೆ: 104, 98, 86. ಹುಟ್ಟುವಾಗಲೇ 100 ಗ್ರಾಂ ಆಸುಪಾಸು ಇದ್ದು, ದಿನಕ್ಕೆ 10 ಗ್ರಾಂ ಆದರೂ ಏರುತ್ತಾ ಹೋಗಬೇಕಾದ ಮರಿಗಳು. ಐದನೆಯ ದಿನಕ್ಕೆ 140 ದಾಟಬೇಕಿತ್ತು. ಅಂದಿನಿಂದ ಪ್ರತಿದಿನ ಅದೇ ಹೊತ್ತಿಗೆ ತೂಗಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮನೆಗಳಲ್ಲೇ ಬರೆದೆ. ಕಣ್ಣಿಗೆ ಕಾಣದ್ದು ತಕ್ಕಡಿಗೆ ಕಾಣುತ್ತದೆ. ಏಳನೆಯ ದಿನ ಚಿಕ್ಕ ಮರಿ ಚುರುಕಾಗಿಯೇ ಇತ್ತು, ತೂಕ ಮಾತ್ರ 6 ಗ್ರಾಂ ಇಳಿದಿತ್ತು. ಬೇಗ ಬೆಳೆಯಲಿ ಎಂದು ನಾನು ಪುಡಿಯನ್ನು ಗಟ್ಟಿಯಾಗಿ ಕಲಸುತ್ತಿದ್ದೆ, ಭೇದಿ ಶುರುವಾಗಿತ್ತು. ಪೊಟ್ಟಣದ ಮೇಲೆ ಬರೆದ ಅಳತೆಗೇ ಮರಳಿದೆ. ಮರುದಿನ ಇಳಿಯಲಿಲ್ಲ, ಅದರ ಮರುದಿನ ಏರಿತು.

ಕುಡಿಸುವ ಲೆಕ್ಕ ಹೀಗಿತ್ತು. 100 ಗ್ರಾಂ ತೂಕದ ಮರಿಗೆ ದಿನಕ್ಕೆ ಸುಮಾರು 20 ಮಿ.ಲೀ., ಎಂಟು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ ಎರಡೂವರೆ ಮಿ.ಲೀ. ಸೂಜಿ ತೆಗೆದ ಸಿರಿಂಜಿನಲ್ಲಿ, ತೂಕ ಏರಿದ ಹಾಗೆ ಅಳತೆ ಏರಿಸುತ್ತಾ. ರಾತ್ರಿ 10ಕ್ಕೆ, 1ಕ್ಕೆ, 4ಕ್ಕೆ ಏಳಬೇಕು. ಮರಿಯೇ ನಾಲಿಗೆ ಸುತ್ತಿ ಚೀಪಬೇಕು, ನಾವು ಒತ್ತಿ ತಳ್ಳಬಾರದು.

ಯಾರೂ ಹೇಳಿರದಿದ್ದರೆ ನನಗೆ ಎಂದೂ ಹೊಳೆಯದ ಸಂಗತಿ ಇನ್ನೊಂದು. ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಆಗುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಬರುತ್ತದೆ. ಕುಡಿಸಿದ ಮೇಲೆಲ್ಲ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಬುಡವನ್ನು ನವಿರಾಗಿ ಒರೆಸಬೇಕು. ಮೊದಲ ಸಲ ಒರೆಸಿದಾಗ ಬಿರಿಯುವಂತಿದ್ದ ಆ ಪುಟ್ಟ ಹೊಟ್ಟೆ ನನ್ನ ಅಂಗೈಯಲ್ಲೇ ಸಡಿಲವಾಯಿತು.

ಔಷಧಿ ಶುರುವಾದ ಮೂರನೆಯ ದಿನ ಬೂದಿ ಅನ್ನ ಮುಟ್ಟಿದಳು. ಐದನೆಯ ದಿನ ರಾತ್ರಿ ಒಂದು ಗಂಟೆಗೆ ನಾನು ಸಿರಿಂಜು ಹಿಡಿದು ಕೂತಿದ್ದಾಗ ಬುಟ್ಟಿಯ ಹತ್ತಿರ ಬಂದು ಮೂಸಿದಳು. ನಾನು ಉಸಿರು ಬಿಗಿಹಿಡಿದೆ. ನನ್ನ ಕೈಯಲ್ಲಿದ್ದ ಮರಿಯ ಬಾಲದ ಬುಡವನ್ನು ಅವಳು ನೆಕ್ಕಲು ಶುರುಮಾಡಿದಳು. ಹತ್ತಿಯನ್ನು ಕೆಳಗಿಟ್ಟೆ. ಅಂದಿನಿಂದ ಕೆಲಸ ಹಂಚಿಕೆಯಾಯಿತು. ಶಾಖ ಮತ್ತು ಶುಚಿ ಅವಳದು, ಹಾಲು ನನ್ನದು. ವಾರ ಕಳೆದ ಮೇಲೆ ನೋವಿಲ್ಲದ ಮೊಲೆಗಳಲ್ಲಿ ಸ್ವಲ್ಪ ಹಾಲೂ ಬಂತು. ವೈದ್ಯರು ಆಗಬಹುದು ಎಂದ ಮೇಲೆ ಕುಡಿಯಲು ಬಿಟ್ಟೆ.

ಹತ್ತನೆಯ ದಿನ ಮೊದಲ ಕಣ್ಣು ತೆರೆಯಿತು, ಹೊಗೆ ಬೆರೆತ ನೀಲಿ.

ಇದೇ ಹೊತ್ತಿಗೆ ಪಕ್ಕದ ಮನೆಯ ಹುಡುಗ ಅಡಿಕೆ ತೋಟದ ಪಂಪ್‌ಶೆಡ್ಡಿನಿಂದ ಎರಡು ಮರಿ ಎತ್ತಿಕೊಂಡು ಬಂದ. “ಅಕ್ಕಾ, ಇವನ್ನೂ ತಾಯಿ ಬಿಟ್ಟಿದೆ, ನೀವೇ ಸಾಕಿ.” ಮುಟ್ಟಿ ನೋಡಿದೆ, ಬೆಚ್ಚಗಿದ್ದವು, ಹೊಟ್ಟೆ ದುಂಡಗಿತ್ತು, ಅಳುತ್ತಿರಲಿಲ್ಲ. ಅಂಥ ಮರಿ ಅನಾಥವಲ್ಲ. ತಾಯಿ ಬೇಟೆಗೆ ಹೋಗಿರುತ್ತದೆ, ಅಥವಾ ಒಂದೊಂದಾಗಿ ಜಾಗ ಬದಲಿಸುತ್ತಿರುತ್ತದೆ. ಇದ್ದಲ್ಲೇ ಇಟ್ಟು ದೂರದಿಂದ ನೋಡು ಎಂದು ಅವನನ್ನು ವಾಪಸ್ ಕಳಿಸಿದೆ. ಕತ್ತಲಾಗುವ ಮುಂಚೆ ಓಡಿ ಬಂದ, “ಬಂತು, ಬಾಯಲ್ಲಿ ಕಚ್ಕೊಂಡು ಹೋಯ್ತು!”

ಮೂರು ವಾರಕ್ಕೆ ಮರಿಗಳಿಗೆ ಜಂತುಹುಳುವಿನ ಔಷಧಿ ಹಾಕಿಸಿದೆ, ನಾಲ್ಕಕ್ಕೆ ತಟ್ಟೆಯಿಂದ ನೆಕ್ಕಲು ಕಲಿತವು. ಮರಿಗಳು ಪೂರ್ತಿ ಹಾಲು ಬಿಟ್ಟ ಮೇಲೆ ಬೂದಿಗೆ ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸುವುದೆಂದು ವೈದ್ಯರೊಡನೆ ಮಾತಾಡಿಟ್ಟೆ. ಮನೆಯಲ್ಲಿ ಒಬ್ಬರಿಗೂ ಅದು ಇಷ್ಟವಿರಲಿಲ್ಲ. ಅವಳ ಹೊಟ್ಟೆಯ ಮೇಲೆ ಬೆರಳಿಟ್ಟವಳು ನಾನೊಬ್ಬಳೇ.

ಐದನೆಯ ವಾರ, ಆಶ್ಲೇಷ ಮಳೆಯ ಒಂದು ಬೆಳಿಗ್ಗೆ, ಬುಟ್ಟಿ ಖಾಲಿ ಇತ್ತು. ಕೊಟ್ಟಿಗೆ, ಸೌದೆಮನೆ, ಮಂಚದ ಅಡಿ ಎಲ್ಲ ಹುಡುಕಿ ಕೊನೆಗೆ ಏಣಿ ಹತ್ತಿದೆ. ಅದೇ ಗೋಣಿಚೀಲಗಳ ಸಂದಿಯಲ್ಲಿ ಮೂರೂ ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಬೂದಿ ಮಲಗಿದ್ದಳು. ನನ್ನನ್ನು ಕಂಡು ಕಿವಿ ಆಡಿಸಿದಳು, ಏಳಲಿಲ್ಲ. ಸದ್ದು ಮಾಡದೆ ಕೆಳಗಿಳಿದು, ಬುಟ್ಟಿಯಲ್ಲಿ ಉಳಿದಿದ್ದ ಪಂಚೆಯನ್ನು ಒಗೆದು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದೆ.